ನಮ್ಮ ಪಡ್ಡು ಕಾವಲಿ ಎಐ ಕಣ್ಣಿಗೆ ಬೀಳುತ್ತಿಲ್ಲ, ಬಿದ್ದರೂ ತಪ್ಪು ಬೆಲೆ ಹೇಳುತ್ತಿದೆ

ಪಾತ್ರೆ ಅಂಗಡಿಯವನು (ಪ್ರಶ್ನೆ)

ಚಿಕ್ಕಪೇಟೆಯ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ಹಿತ್ತಾಳೆ, ಕಂಚು, ಎರಕದ ಕಬ್ಬಿಣ, ಬಳಪದ ಕಲ್ಲು. ತಂದೆಯವರ ಕಾಲದಿಂದ ಇಷ್ಟೇ. ಸ್ಟೀಲು ಬೇಕೆಂದವರನ್ನು ಎದುರು ಸಾಲಿಗೆ ಕಳುಹಿಸುತ್ತೇವೆ. ಲಾಕ್‌ಡೌನಿನಲ್ಲಿ ಶಟರ್ ಎಳೆದುಕೊಂಡು ಕೂತಿದ್ದಾಗ ಮಗಳು ಒಂದು ಜಾಲತಾಣ ಮಾಡಿಕೊಟ್ಟಳು. ಈಗ ಅವಳು ಮದುವೆಯಾಗಿ ಪುಣೆ ಸೇರಿದ್ದಾಳೆ. ತಾಣದ ಪಾಸ್‌ವರ್ಡ್ ನನ್ನ ಬಳಿ ಇದೆ, ವಿದ್ಯೆ ಅವಳ ಬಳಿ ಇದೆ. ಒಟ್ಟು 140 ವಸ್ತುಗಳನ್ನು ಅದರಲ್ಲಿ ಏರಿಸಿದ್ದೇವೆ.

ಹೋದ ತಿಂಗಳು ಎಚ್‌ಎಸ್‌ಆರ್ ಲೇಔಟಿನಿಂದ ಒಬ್ಬ ಹುಡುಗ ಬಂದ. ಕೈಯಲ್ಲಿ ಮೊಬೈಲು. ‘ಇಂಡಕ್ಷನ್ ಒಲೆಗೆ ಆಗುವ, ಕೋಟಿಂಗ್ ಇಲ್ಲದ ಪಡ್ಡು ಕಾವಲಿ, ಎರಡು ಸಾವಿರದೊಳಗೆ, ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ’ ಎಂದು ಎಐ ಸಹಾಯಕನನ್ನು ಕೇಳಿದ್ದನಂತೆ. ಅದು ನಾಲ್ಕು ತೋರಿಸಿತ್ತು. ನಾಲ್ಕರಲ್ಲಿ ಎರಡು ಅಲ್ಯೂಮಿನಿಯಂ, ಮೇಲೆ ಕಪ್ಪು ಕೋಟಿಂಗ್! ನಮ್ಮದು ಪಟ್ಟಿಯಲ್ಲೇ ಇಲ್ಲ. ಹುಡುಗ ನಮ್ಮಲ್ಲಿಗೆ ಬಂದದ್ದು ಅವನ ಚಿಕ್ಕಮ್ಮ ಹೇಳಿದ್ದರಿಂದ.

ಅವನೆದುರಿಗೇ ನಮ್ಮ ಅಂಗಡಿಯ ಹೆಸರು ಹೇಳಿ ಕೇಳಿಸಿದೆ. ‘12 ಗುಳಿಯ ಕಾವಲಿ, ಬೆಲೆ 1,456 ರೂಪಾಯಿ, ಅಳತೆ ತಿಳಿದಿಲ್ಲ, ಇಂಡಕ್ಷನ್‌ಗೆ ಆಗುತ್ತದೆಯೇ ತಿಳಿದಿಲ್ಲ’ ಎಂದಿತು. ಪುಟದಲ್ಲಿ 1,365 ಎಂದು ದಪ್ಪ ಅಕ್ಷರದಲ್ಲಿದೆ. ಅಳತೆಯೂ ಇದೆ. ಫೋಟೊದ ಮೇಲೇ ಬಾಣ ಹಾಕಿ ಬರೆಸಿದ್ದೇನೆ, ಅದಕ್ಕೆ ಡಿಸೈನ್ ಮಾಡುವವನಿಗೆ ದುಡ್ಡನ್ನೂ ಕೊಟ್ಟಿದ್ದೇನೆ.

ಕುತೂಹಲಕ್ಕೆ ಹಿತ್ತಾಳೆ ಪಾತ್ರೆಯ ಬಗ್ಗೆಯೂ ಕೇಳಿದೆ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಮಾಡಬಹುದು ಎಂದು ಧೈರ್ಯವಾಗಿ ಹೇಳಿತು. ನನಗೆ ಸಿಟ್ಟು ಬಂತು. ಆಮೇಲೆ ನಮ್ಮ ಪುಟವನ್ನು ಓದಿ ನೋಡಿದೆ: ‘ಸಕಲ ಅಡುಗೆಗೂ ಯೋಗ್ಯ’ ಎಂದು ಬರೆದಿದೆ. ಬರೆದವನು ನಾನೇ.

ಪಡ್ಡು ಕಾವಲಿಯ ಪುಟದಲ್ಲಿ ಈಗ ಇರುವುದು ಇಷ್ಟು: ‘ಅಜ್ಜಿಯ ಕೈರುಚಿಯ ನೆನಪು! ಪರಂಪರೆಯ ಸೊಗಡು! ಉತ್ತಮ ಗುಣಮಟ್ಟದ ಪಡ್ಡು ತವಾ. ಸಕಲ ಅಡುಗೆಗೂ ಯೋಗ್ಯ. ಇಂದೇ ಖರೀದಿಸಿ.’

ಮೊನ್ನೆ ಒಬ್ಬರು ಟೈ ಕಟ್ಟಿಕೊಂಡು ಬಂದು, 35,000 ರೂಪಾಯಿಗೆ ‘ಎಐ ಪ್ಯಾಕೇಜ್’ ಮಾಡಿಕೊಡುತ್ತೇನೆ ಎಂದರು. ಎಐಗೆ ಮಾತ್ರ ಕಾಣುವಂತೆ ಪುಟದಲ್ಲಿ ಗುಪ್ತ ಸಾಲುಗಳು, ಎಐಗಾಗಿಯೇ ಒಂದು ವಿಶೇಷ ಫೈಲು, ಜೊತೆಗೆ 50 ಗ್ರಾಹಕರ ಅಭಿಪ್ರಾಯಗಳು. ಆ 50 ಗ್ರಾಹಕರು ಯಾರು ಎಂದು ಕೇಳಿದ್ದಕ್ಕೆ ನಕ್ಕರು. ದುಡ್ಡು ಕೊಡಬೇಕೇ? ಕೊಡದಿದ್ದರೆ ನಾನೇ ಏನು ಮಾಡಬಹುದು? ಪಡ್ಡು ಕಾವಲಿಯ ಪುಟದ ಕೊಂಡಿಯನ್ನು ಕೆಳಗೆ ಹಾಕಿದ್ದೇನೆ, ಬಲ್ಲವರು ದಯವಿಟ್ಟು ನೋಡಿ ಹೇಳಿ.

ತಂತಿಬೇಲಿ

ಸರ್, ದುಡ್ಡು ಕೊಡಬೇಡಿ.

ಕೊಂಡಿ ತೆರೆದು ನೋಡಿದೆ. ಮೊದಲು 1,456ರ ಗುಟ್ಟು. 1,300ಕ್ಕೆ ಶೇ 12 ಸೇರಿಸಿದರೆ 1,456, ಶೇ 5 ಸೇರಿಸಿದರೆ 1,365. ಪಾತ್ರೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು 12ರಿಂದ 5ಕ್ಕೆ ಇಳಿದಾಗ ನೀವು ಪ್ರಾಮಾಣಿಕವಾಗಿ ಬೆಲೆ ಇಳಿಸಿದ್ದೀರಿ. ಆದರೆ ಇಳಿಸಿದ್ದು ಮನುಷ್ಯರಿಗೆ ಕಾಣುವ ಬೆಲೆಯನ್ನು ಮಾತ್ರ. ಪುಟದ ಹಿಂದೆ ಯಂತ್ರಗಳು ಓದಲೆಂದೇ ಇನ್ನೊಂದು ಚೀಟಿ ಇದೆ, ಅದರಲ್ಲಿ ಹಳೆಯ ಬೆಲೆ ಹಾಗೆಯೇ ಕೂತಿದೆ. ಕಂಪ್ಯೂಟರಿನಲ್ಲಿ ಪುಟ ತೆರೆದು, ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿ, ಬರುವ ಅಕ್ಷರರಾಶಿಯಲ್ಲಿ 1456 ಎಂದು ಹುಡುಕಿ. ಸಿಗುತ್ತದೆ.

ಆ ಚೀಟಿಯ ಬರವಣಿಗೆಗೆ ಜೇಸನ್-ಎಲ್‌ಡಿ ಎನ್ನುತ್ತಾರೆ. ಅದರಲ್ಲಿ ಬಳಸುವ ಪದಗಳ ಕೋಶ ಸ್ಕೀಮಾ ಡಾಟ್ ಆರ್ಗ್, 2011ರಲ್ಲಿ ಗೂಗಲ್, ಮೈಕ್ರೋಸಾಫ್ಟ್, ಯಾಹೂ ಸೇರಿ ಶುರು ಮಾಡಿದ್ದು. ವಸ್ತುವಿನ ಹೆಸರು, ಬೆಲೆ, ಯಾವ ಕರೆನ್ಸಿ, ದಾಸ್ತಾನು ಇದೆಯೇ, ತೂಕ, ಯಾವ ಲೋಹ, ಎಲ್ಲಕ್ಕೂ ಅದರಲ್ಲಿ ಒಂದೊಂದು ಖಾನೆ ಇದೆ. ನಿಮ್ಮ ಮಗಳು ಚೀಟಿಯನ್ನು ಚೆನ್ನಾಗಿಯೇ ಕಟ್ಟಿದ್ದಾರೆ, ಆದರೆ ಬೆಲೆಯನ್ನು ಕೈಯಲ್ಲಿ ಬರೆದಿದ್ದಾರೆ. ಬೆಲೆ ಬದಲಾದಾಗ ಎರಡೂ ಕಡೆ ತಾನಾಗಿ ಬದಲಾಗುವಂತೆ ಜೋಡಿಸಲು ಹೇಳಿ, ಅವರಿಗೆ ಅರ್ಧ ಗಂಟೆಯ ಕೆಲಸ. ಆಮೇಲೆ ಗೂಗಲ್‌ನ ರಿಚ್ ರಿಸಲ್ಟ್ಸ್ ಟೆಸ್ಟ್ ಎಂಬ ಉಚಿತ ಪರೀಕ್ಷೆಗೆ ಪುಟದ ವಿಳಾಸ ಕೊಟ್ಟು ನೋಡಿ, ಯಂತ್ರಕ್ಕೆ ಏನು ಕಂಡಿತೆಂದು ತೋರಿಸುತ್ತದೆ.

ಫೋಟೊದ ಮೇಲೆ ಬರೆಸಿದ ಅಳತೆಯನ್ನು ನಂಬಿ ಕೂರಬೇಡಿ. ಅದೇ ಅಳತೆಯನ್ನು ಕೆಳಗೆ ಅಕ್ಷರಗಳಲ್ಲಿಯೂ ಬರೆಯಿರಿ. ‘ವಿವರಗಳು’ ಎಂಬ ಗುಂಡಿ ಒತ್ತಿದ ಮೇಲೆ ಬಿಚ್ಚಿಕೊಳ್ಳುವ ಭಾಗ ನಿಮ್ಮ ಪುಟದಲ್ಲಿದೆ. ಒತ್ತಿದ ಮೇಲೆಯೇ ಅದರ ಸರಕು ಸರ್ವರಿನಿಂದ ಬರುತ್ತಿದೆ. ಎಐಗಳಿಗಾಗಿ ತಾಣದಿಂದ ತಾಣಕ್ಕೆ ಹೋಗಿ ಪುಟ ಓದಿಕೊಂಡು ಬರುವ ತಂತ್ರಾಂಶಗಳಿಗೆ ಕ್ರಾಲರ್ ಎನ್ನುತ್ತಾರೆ. ಅನೇಕ ಎಐ ಕ್ರಾಲರ್‌ಗಳು ಜಾವಾಸ್ಕ್ರಿಪ್ಟ್ (ಪುಟದೊಳಗೆ ಇಂಥ ಕೆಲಸ ಮಾಡಿಸುವ ಕೋಡ್) ಓಡಿಸುವುದಿಲ್ಲ, ಗುಂಡಿಯನ್ನೂ ಒತ್ತುವುದಿಲ್ಲ. ಅವುಗಳ ಪಾಲಿಗೆ ಅಲ್ಲಿ ಏನೂ ಇಲ್ಲ.

ಬಾಗಿಲು ತೆರೆದಿದೆಯೇ ಎಂದೂ ನೋಡಿಕೊಳ್ಳಬೇಕು. ತಾಣದ ವಿಳಾಸದ ಕೊನೆಗೆ ಓರೆಗೆರೆ ಹಾಕಿ ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಎಂದು ಸೇರಿಸಿ ತೆರೆದರೆ ಯಾರಿಗೆ ಪ್ರವೇಶ, ಯಾರಿಗಿಲ್ಲ ಎಂಬ ಪಟ್ಟಿ ಬರುತ್ತದೆ. ನಿಮ್ಮದರಲ್ಲಿ ತಡೆ ಇಲ್ಲ. ಆದರೆ ಮುಂದೆ ತಾಣವನ್ನು ಬೇರೆಡೆಗೆ ಸಾಗಿಸಿದರೆ ಮತ್ತೆ ನೋಡಿ: ಉದಾಹರಣೆಗೆ, ತಾಣಗಳಿಗೆ ಕಾವಲು ಕಾಯುವ ಸೇವೆಯಾದ ಕ್ಲೌಡ್‌ಫ್ಲೇರ್ 2025ರ ಜುಲೈಯಿಂದ ಹೊಸದಾಗಿ ಸೇರುವ ತಾಣಗಳಿಗೆ ಎಐ ಕ್ರಾಲರ್‌ಗಳನ್ನು ಮೊದಲೇ ತಡೆದಿಡುತ್ತದೆ, ಬೇಕಾದರೆ ನಾವೇ ತೆರೆಯಬೇಕು.

ಟೈ ಕಟ್ಟಿದವರ ಫೈಲು ಬಹುಶಃ ಎಲ್ಎಲ್ಎಂಎಸ್ ಡಾಟ್ ಟಿಎಕ್ಸ್‌ಟಿ. 2024ರಲ್ಲಿ ಬಂದ ಒಂದು ಪ್ರಸ್ತಾಪ ಅದು. ಇಟ್ಟರೆ ನಷ್ಟವಿಲ್ಲ, ಆದರೆ ಅದಕ್ಕೆ ಕಾಸು ಬಿಚ್ಚುವ ಅಗತ್ಯವಿಲ್ಲ. ತನ್ನ ಎಐ ಉತ್ತರಗಳಲ್ಲಿ ಕಾಣಿಸಿಕೊಳ್ಳಲು ವಿಶೇಷ ಕಸರತ್ತು ಬೇಡ, ಸಾಮಾನ್ಯ ಹುಡುಕಾಟಕ್ಕೆ ಬೇಕಾದದ್ದೇ ಸಾಕು ಎಂದು ಗೂಗಲ್ ಸ್ವತಃ ಹೇಳಿದೆ. ಗುಪ್ತ ಸಾಲುಗಳಂತೂ ಶುದ್ಧ ಮೋಸ. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದ ಆಟ ಗೂಗಲ್‌ನ ನಿಯಮದಲ್ಲಿ ಸ್ಪ್ಯಾಮ್. ಸಿಕ್ಕಿಬಿದ್ದರೆ ಇರುವ ಸ್ಥಾನವೂ ಹೋಗುತ್ತದೆ.

ಕೊನೆಗೆ, ಕಬ್ಬಿಣವಾದ್ದರಿಂದ ಇಂಡಕ್ಷನ್‌ಗೆ ಆಗುತ್ತದೆ ಎಂದು ಒಂದು ಸಾಲು ಸೇರಿಸಿಬಿಡಿ. ಆ ಹುಡುಗನ ಪ್ರಶ್ನೆಗೆ ಅಲ್ಲೇ ಉತ್ತರ.

ಪಾತ್ರೆ ಅಂಗಡಿಯವನು

ಬಹಳ ಉಪಕಾರವಾಯಿತು. 1456 ಸಿಕ್ಕಿತು! ಸೆಪ್ಟೆಂಬರಿನಿಂದ ಪ್ರತಿ ಕಾವಲಿಗೆ 91 ರೂಪಾಯಿ ಹೆಚ್ಚು ಹೇಳಿಕೊಂಡು ಕೂತಿತ್ತು. ಮಗಳಿಗೆ ಫೋನ್ ಮಾಡಿದೆ, ಭಾನುವಾರ ಮಾಡುತ್ತೇನೆ ಎಂದಿದ್ದಾಳೆ.

ಇಂಡಕ್ಷನ್ ವಿಷಯ ಮಾತ್ರ ನೀವು ಹೇಳಿದಷ್ಟು ಸುಲಭವಲ್ಲ. ಅಯಸ್ಕಾಂತ ಅಂಟುತ್ತದೆ, ನಿಜ. ಆದರೆ ಪಡ್ಡು ಕಾವಲಿಯ ತಳ ದೋಸೆ ಕಾವಲಿಯ ಹಾಗೆ ಸಮತಟ್ಟಲ್ಲ, ಗುಳಿಗಳ ಬೆನ್ನು ಕೆಳಗೆ ಉಬ್ಬಿರುತ್ತದೆ. ಮನೆಯಲ್ಲಿ ಇಂಡಕ್ಷನ್ ಒಲೆ ಇದೆ, ಹಿಟ್ಟೂ ಇದೆ. ಮಾಡಿ ನೋಡಿಯೇ ಬರೆಯುತ್ತೇನೆ.

ಒಗ್ಗರಣೆ ಡಬ್ಬಿ

ಆರು ವರ್ಷ ಇದೇ ಕೆಲಸ ಮಾಡಿದವಳು ನಾನು. ಒಂದು ಮಾರುಕಟ್ಟೆ ತಾಣಕ್ಕೆ ದಿನಕ್ಕೆ 60 ವಸ್ತುಗಳ ವಿವರಣೆ ಬರೆಯುತ್ತಿದ್ದೆ. ‘ಪರಂಪರೆಯ ಸೊಗಡು’ ಎಂಬುದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ಆದ್ದರಿಂದ ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ಬೆತ್ತದ ಬುಟ್ಟಿಗೂ ಅದೇ, ಬೇಸಿಗೆಯ ಕುರ್ತಾಕ್ಕೂ ಅದೇ ಬರೆಯುತ್ತಿದ್ದೆವು.

ತಂತಿಬೇಲಿ ಹೇಳಿದ್ದು ಚೀಟಿ ಕಟ್ಟುವ ದಾರದ ವಿಷಯ. ಚೀಟಿಯಲ್ಲಿ ಏನಿರಬೇಕು ಎಂಬುದಕ್ಕೆ ನಿಮ್ಮ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಇಡಿ. ಒಂದು ವಾರ ಬಂದವರೆಲ್ಲ ಏನೇನು ಕೇಳುತ್ತಾರೋ ಅವರ ಮಾತಿನಲ್ಲೇ ಗೀಚಿಕೊಳ್ಳಿ. ತುಕ್ಕು ಹಿಡಿಯುತ್ತದೆಯೇ? ಮೊದಲ ಸಲ ಅಂಟುತ್ತದೆಯೇ? ನಾಲ್ವರಿಗೆ ಎಷ್ಟು ಸಲ ಹುಯ್ಯಬೇಕು? ಅಮ್ಮನಿಗೆ ಎತ್ತಲು ಭಾರವೇ? ಹುಡುಕುವ ಪೆಟ್ಟಿಗೆಯಲ್ಲಿ ಜನ ಎರಡು ಪದ ಬರೆಯುತ್ತಿದ್ದರು. ಎಐ ಜೊತೆ ಪೂರ್ತಿ ವಾಕ್ಯದಲ್ಲಿ, ಅಂಗಡಿಯವರ ಜೊತೆ ಮಾತಾಡಿದ ಹಾಗೆಯೇ ಮಾತಾಡುತ್ತಾರೆ. ನೀವು ಗಲ್ಲಾದಲ್ಲಿ ಕೂತು ದಿನವೂ ಕೊಡುವ ಉತ್ತರ ಪುಟದಲ್ಲಿ ಒಂದೂ ಇಲ್ಲ. ಅಮೆಜಾನ್‌ನ ಎಐ ಖರೀದಿ ಸಹಾಯಕ ರೂಫಸ್ 2024ರ ಆಗಸ್ಟಿನಲ್ಲಿ ಭಾರತಕ್ಕೆ ಬಂತಲ್ಲ, ಅದು ಉತ್ತರ ಹುಡುಕುವುದೂ ವಸ್ತುವಿನ ವಿವರ, ಗ್ರಾಹಕರ ಅಭಿಪ್ರಾಯ, ಅಲ್ಲಿನ ಪ್ರಶ್ನೋತ್ತರ, ಜೊತೆಗೆ ಅಂತರ್ಜಾಲದ ಮಾಹಿತಿ ಇವುಗಳಲ್ಲಿ.

ಶೀರ್ಷಿಕೆಯ ಬಗ್ಗೆ. ಅಂಗಡಿಯವರು ಗೂಗಲ್‌ಗೆ ತಮ್ಮ ವಸ್ತುಗಳ ಪಟ್ಟಿ ಕೊಡುವ ಗೂಗಲ್ ಮರ್ಚಂಟ್ ಸೆಂಟರಿನಲ್ಲಿ ಶೀರ್ಷಿಕೆಗೆ 150 ಅಕ್ಷರಗಳ ಮಿತಿ ಇದೆ. ಎಲ್ಲವನ್ನೂ ತುಂಬಬೇಡಿ. ಯಾವ ಲೋಹ, ಯಾವ ಪಾತ್ರೆ, ಎಷ್ಟು ಗುಳಿ, ಎಷ್ಟು ಅಗಲ, ಇಷ್ಟು ಮೊದಲಿಗೆ ಬರಲಿ. ‘ಉತ್ತಮ ಗುಣಮಟ್ಟ’ ಕಿತ್ತುಹಾಕಿ. ಕಳಪೆ ಗುಣಮಟ್ಟ ಎಂದು ಯಾರೂ ಬರೆದುಕೊಳ್ಳುವುದಿಲ್ಲವಾದ್ದರಿಂದ ಆ ಪದ ಯಾರನ್ನೂ ಯಾರಿಂದಲೂ ಬೇರೆ ಮಾಡುವುದಿಲ್ಲ.

ಹೆಸರುಗಳು. ಇದು ನಿಮ್ಮ ವಸ್ತುವಿಗೆ ತುಂಬ ಮುಖ್ಯ. ನಿಮಗೆ ಪಡ್ಡು, ನಮ್ಮ ಮನೆಯಲ್ಲಿ ಗುಂಡುಪೊಂಗಲು, ನನ್ನ ಓರಗಿತ್ತಿಗೆ ಗುಳಿಯಪ್ಪ. ತಮಿಳರಿಗೆ ಪಣಿಯಾರಂ, ತೆಲುಗರಿಗೆ ಗುಂತ ಪೊಂಗನಾಲು, ಮರಾಠಿಗರಿಗೆ ಅಪ್ಪೆ. ಬೆಂಗಳೂರಿನಲ್ಲಿ ಇಷ್ಟೂ ಜನ ಒಂದೇ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿರುತ್ತಾರೆ. ಆದರೆ ಹೆಸರುಗಳನ್ನು ಅಲ್ಪವಿರಾಮ ಹಾಕಿ ರಾಶಿ ಸುರಿಯಬೇಡಿ. ‘ಇದನ್ನು ಇಂಥಿಂಥವರು ಹೀಗೆ ಹೀಗೆ ಕರೆಯುತ್ತಾರೆ’ ಎಂದು ಒಂದು ನೆಟ್ಟಗಿನ ವಾಕ್ಯ ಸಾಕು. ಕನ್ನಡ ಅಕ್ಷರದಲ್ಲೂ ಇರಲಿ, ಇಂಗ್ಲಿಷ್ ಅಕ್ಷರದಲ್ಲೂ ಇರಲಿ.

ಯಾವುದಕ್ಕೆ ಆಗುವುದಿಲ್ಲ ಎಂದೂ ಬರೆಯಿರಿ. ನಾನು ಕೆಲಸದಲ್ಲಿದ್ದಾಗ ಇದಕ್ಕೆ ಮೇಲಿನವರು ಒಪ್ಪುತ್ತಲೇ ಇರಲಿಲ್ಲ, ಗ್ರಾಹಕ ಓಡಿಹೋಗುತ್ತಾನೆ ಎಂದು ಹೆದರಿಕೆ. ಓಡಿಹೋಗಬೇಕಾದವನು ವಸ್ತು ತರಿಸಿಕೊಂಡು ಆಮೇಲೆ ಓಡುತ್ತಿದ್ದ, ವಾಪಸ್ ಕಳುಹಿಸುವ ಖರ್ಚು ನಮ್ಮ ತಲೆಗೆ.

ಬಾರ್‌ಕೋಡ್ ಇಲ್ಲದಿದ್ದರೆ ಯಾವುದೋ ಸಂಖ್ಯೆ ಹುಟ್ಟಿಸಿ ತುಂಬಬೇಡಿ. ನಮ್ಮಲ್ಲಿ 890ರಿಂದ ಶುರುವಾಗುವ ಆ 13 ಅಂಕಿಗಳನ್ನು ಜಿಎಸ್1 ಇಂಡಿಯಾ ಎಂಬ ಸಂಸ್ಥೆ ಕೊಡುತ್ತದೆ. ಎರಕದವರಿಂದ ನೇರ ತರುವ ಕಾವಲಿಗೆ ಅದಿಲ್ಲದಿದ್ದರೆ ಇಲ್ಲವೆಂದೇ ಹೇಳಲು ಖಾನೆ ಇದೆ. ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ಮತ್ತು ವಿಳಾಸ ಮೊದಲಾದವು ಪುಟದಲ್ಲಿ ಕಾಣಬೇಕು ಎಂಬುದು 2018ರ ಜನವರಿ 1ರಿಂದ ಇರುವ ಕಾನೂನು, ಎಐಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಪುಟದಲ್ಲಿ ಅದೂ ಕಾಣಲಿಲ್ಲ ಎಂದು ಮೆಲ್ಲಗೆ ಹೇಳುತ್ತಿದ್ದೇನೆ.

ಆ 50 ಅಭಿಪ್ರಾಯಗಳ ಮನುಷ್ಯನಿಗೆ ಕಾಫಿ ಕೊಟ್ಟು ಕಳುಹಿಸಿ. ಕಾಫಿಯೂ ಬೇಡ.

ಕಟ್ಟೆ ಮೇಲೆ ಕೂತವನು

ಎಲ್ಲರೂ ಬಹಳ ಉತ್ಸಾಹದಲ್ಲಿದ್ದೀರಿ, ನೀರು ಎರಚಲು ಬಂದಿದ್ದೇನೆ. ಮೂಲ ಕಥೆಯಲ್ಲೇ ನೋಡಿ: ಹುಡುಗನನ್ನು ಅಂಗಡಿಗೆ ತಂದದ್ದು ಚಿಕ್ಕಮ್ಮ, ಯಂತ್ರವಲ್ಲ. ಅಂಗಡಿಯವರು ಐವತ್ತು ವರ್ಷದಲ್ಲಿ ಕಲಿತದ್ದನ್ನೆಲ್ಲ ಬಿಡಿಸಿ ಬರೆದು ಬಿಟ್ಟಿ ಕೊಟ್ಟರೆ ಯಂತ್ರ ಓದಿಕೊಂಡು ಯಾರದೋ ಕಾವಲಿಯನ್ನು ಮಾರುತ್ತದೆ. ಈಗ ಪಟ್ಟಿ ತೋರಿಸುತ್ತಿದೆ. 2025ರ ಅಕ್ಟೋಬರಿನಲ್ಲಿ ಇಲ್ಲಿಯ ಪಾವತಿ ಕಂಪನಿ ರೇಜರ್‌ಪೇ, ಯುಪಿಐ ನಡೆಸುವ ಎನ್‌ಪಿಸಿಐ, ಚಾಟ್‌ಜಿಪಿಟಿಯ ಒಡೆಯರಾದ ಓಪನ್‌ಎಐ ಸೇರಿ ಚಾಟ್‌ಜಿಪಿಟಿಯ ಒಳಗೇ ಯುಪಿಐ ಪಾವತಿಯ ಪ್ರಯೋಗ ಶುರು ಮಾಡಿದ್ದಾರೆ, ಬಿಗ್‌ಬಾಸ್ಕೆಟ್ ಅದರಲ್ಲಿದೆ. ಗಿರಾಕಿ ಅಂಗಡಿಯ ಪುಟಕ್ಕೂ ಬರದೆ ಅಲ್ಲೇ ದುಡ್ಡು ಕೊಟ್ಟು ಹೋದರೆ, ನಾಳೆ ನಿಮಗೂ ಅವನಿಗೂ ನಡುವೆ ನಿಂತವನು ದಲ್ಲಾಳಿಕೆ ಕೇಳದೆ ಬಿಡುತ್ತಾನೆಯೇ? ಊಟ ಕೊಡುವ ಆ್ಯಪ್‌ಗಳ ಜೊತೆ ಹೋಟೆಲಿನವರು ಪಟ್ಟ ಪಾಡು ಮರೆತಿರಾ?

ತಂತಿಬೇಲಿ

ಹಿರಿಯರ ಅನುಮಾನ ನ್ಯಾಯವಾದದ್ದೇ. ಒಂದು ವಿಷಯ ಮಾತ್ರ ಸೇರಿಸುತ್ತೇನೆ. ಓಪನ್‌ಎಐಯ ಕ್ರಾಲರ್ ಒಂದೇ ಅಲ್ಲ. ಜಿಪಿಟಿಬಾಟ್ ಎಂಬುದು ಎಐ ಮಾದರಿಗೆ ತರಬೇತಿ ಕೊಡಲು ಪುಟಗಳನ್ನು ಒಯ್ಯುತ್ತದೆ. ಓಎಐ-ಸರ್ಚ್‌ಬಾಟ್ ಹುಡುಕಾಟದಲ್ಲಿ ತೋರಿಸಲು ಓದುತ್ತದೆ. ರೋಬಾಟ್ಸ್ ಪಟ್ಟಿಯಲ್ಲಿ ಮೊದಲನೆಯದಕ್ಕೆ ಬೇಡ, ಎರಡನೆಯದಕ್ಕೆ ಸರಿ ಎಂದು ಬೇರೆ ಬೇರೆಯಾಗಿ ಹೇಳಬಹುದು. ದಲ್ಲಾಳಿಕೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಪಾತ್ರೆ ಅಂಗಡಿಯವನು (ಮೂರು ವಾರದ ನಂತರ)

ಎಲ್ಲರಿಗೂ ವರದಿ ಒಪ್ಪಿಸುವುದು ಬಾಕಿ ಇತ್ತು.

ಮೊದಲು ಇಂಡಕ್ಷನ್. 12 ಗುಳಿಯ ಕಾವಲಿಯಲ್ಲಿ ನಡುವೆ ಮೂರು ಗುಳಿ, ಸುತ್ತ ಒಂಬತ್ತು. ಕಾವಲಿಯನ್ನು ಒಲೆಯ ಮೇಲೆ ಇಟ್ಟು ಹದವಾಗಿ ಕಾಯಿಸಿ ಹಿಟ್ಟು ಹುಯ್ದೆ. ನಡುವಿನ ಮೂರು ಐದು ನಿಮಿಷಕ್ಕೆ ಕೆಂಪಗಾಗಿ ಅಂಚು ಬಿಟ್ಟವು. ಸುತ್ತಿನ ಒಂಬತ್ತನ್ನು ಕಡ್ಡಿಯಲ್ಲಿ ಎಬ್ಬಿಸಲು ಹೋದರೆ ಬೆಳ್ಳಗೆ, ಒಳಗೆ ಹಸಿ. ಉರಿ ಹೆಚ್ಚಿಸಿದೆ, ನಡುವಿನವು ಕರಕಾದವು. ಮನೆಯಾಕೆ ನೋಡಿ, ‘ಇದನ್ನು ಇಂಡಕ್ಷನ್‌ಗೆ ಆಗುತ್ತದೆ ಎಂದು ಬರೆದರೆ ನಾನೇ ವಾಪಸ್ ಕೊಡುತ್ತೇನೆ’ ಎಂದಳು. ತಂತಿಬೇಲಿಯವರೇ, ಸಿಟ್ಟು ಮಾಡಿಕೊಳ್ಳಬೇಡಿ.

ನೋಟ್‌ಬುಕ್ ಇಟ್ಟೆ. ಏಳು ದಿನದಲ್ಲಿ 43 ಪ್ರಶ್ನೆಗಳು. ತುಕ್ಕಿನದೇ 11. ಅಜ್ಜಿಯ ಕೈರುಚಿಯ ಬಗ್ಗೆ ಯಾರೂ ಕೇಳಲಿಲ್ಲ. ಒಬ್ಬಾಕೆ ಕಾವಲಿಯನ್ನು ಎರಡೂ ಕೈಯಲ್ಲಿ ಎತ್ತಿ, ಇಳಿಸಿ, ಮತ್ತೆ ಎತ್ತಿ, ಏನೂ ಕೇಳದೆ ಹೊರಟುಹೋದರು. ಅದನ್ನೂ ಪ್ರಶ್ನೆ ಎಂದೇ ಬರೆದುಕೊಂಡೆ. ಆಮೇಲೆ ಪುಟವನ್ನು ಹೀಗೆ ತಿದ್ದಿದೆ:

‘ಎರಕದ ಕಬ್ಬಿಣದ ಪಡ್ಡು ಕಾವಲಿ, 12 ಗುಳಿ, ಅಗಲ 22 ಸೆಂ.ಮೀ., ತೂಕ 2 ಕೆ.ಜಿ. 650 ಗ್ರಾಂ. ಮೇಲೆ ಯಾವ ಕೋಟಿಂಗೂ ಇಲ್ಲ. ಗುಳಿಯಪ್ಪ, ಗುಂಡುಪೊಂಗಲು, ಪಣಿಯಾರಂ, ಅಪ್ಪೆ ಎಂದು ಕರೆಯುವುದೂ ಇದರಲ್ಲಿ ಮಾಡುವುದನ್ನೇ. ಗ್ಯಾಸ್ ಒಲೆಗೆ ಸರಿ. ಇಂಡಕ್ಷನ್ ಒಲೆಯಲ್ಲಿ ನಾವೇ ಮಾಡಿ ನೋಡಿದ್ದೇವೆ: ತಳ ಸಮತಟ್ಟಲ್ಲದ್ದರಿಂದ ನಡುವಿನ ಮೂರು ಮಾತ್ರ ಬೇಯುತ್ತವೆ, ಸುತ್ತಿನ ಒಂಬತ್ತು ಬೇಯುವುದಿಲ್ಲ. ಮೊದಲೆರಡು ಸಲ ಅಂಟುತ್ತದೆ, ಎಣ್ಣೆ ಸವರಿ ಕಾಯಿಸುತ್ತ ಹೋದರೆ ಪಳಗುತ್ತದೆ. ತೊಳೆದು ಒದ್ದೆ ಬಿಟ್ಟರೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕು. ಒಂದೇ ಕೈಯಲ್ಲಿ ಎತ್ತುವುದು ವಯಸ್ಸಾದವರಿಗೆ ಕಷ್ಟ.’

ಹಿತ್ತಾಳೆ ಪಾತ್ರೆಗಳ ಪುಟದಿಂದ ‘ಸಕಲ ಅಡುಗೆ’ ತೆಗೆದೆ. ಕಲಾಯಿ ಇದ್ದದ್ದಕ್ಕೆ ಇದೆ, ಇಲ್ಲದ್ದಕ್ಕೆ ಇಲ್ಲ ಎಂದು ಬೇರೆ ಬೇರೆಯಾಗಿ ಬರೆದೆ. ಕಲಾಯಿ ಇಲ್ಲದ್ದರಲ್ಲಿ ಹುಣಸೆ, ಟೊಮೆಟೊ, ಮೊಸರು ಬೇಡ. ಕಲಾಯಿ ಎಂದರೆ ತವರ, 232 ಡಿಗ್ರಿಗೆ ಕರಗುತ್ತದೆ, ಆದ್ದರಿಂದ ಬರಿದಾದ ಪಾತ್ರೆಯನ್ನು ಉರಿಯ ಮೇಲೆ ಮರೆಯಬೇಡಿ. ತಂದೆಯವರು ಪ್ರತಿ ಗಿರಾಕಿಗೂ ಇದನ್ನು ಬಾಯಲ್ಲಿ ಹೇಳಿ ಕಳುಹಿಸುತ್ತಿದ್ದರು. 140ರಲ್ಲಿ 38 ವಸ್ತು ಮುಗಿದಿವೆ. ಕಂಚಿನ ತಟ್ಟೆಗಳು ಬೇಗ ಆದವು, ಬಳಪದ ಕಲ್ಲಿನವು ಒಂದೊಂದೂ ಒಂದೊಂದು ತೂಕವಾದ್ದರಿಂದ ತಕ್ಕಡಿ ಇಟ್ಟುಕೊಂಡು ಕೂರಬೇಕಾಗಿದೆ.

ಮಗಳು ಬೆಲೆ ಸರಿ ಮಾಡಿದಳು. ಜಿಪಿಟಿಬಾಟ್‌ಗೆ ಬಾಗಿಲು ಹಾಕಿ, ಸರ್ಚ್‌ಬಾಟ್‌ಗೆ ತೆರೆದಿಟ್ಟಿದ್ದಾಳೆ. ಕಟ್ಟೆಯ ಹಿರಿಯರ ಮಾತು ಓದಿ ಹೇಳಿದಾಗ ‘ಅಪ್ಪಾ, ಮೊದಲು ಕಾಣಿಸೋಣ, ಜಗಳ ಆಮೇಲೆ’ ಎಂದಳು. ನನಗೆ ಇನ್ನೂ ಅವರ ಮಾತೇ ಸರಿ ಎನಿಸುತ್ತದೆ, ಆದರೂ ಪುಟ ತಿದ್ದುವುದನ್ನು ನಿಲ್ಲಿಸಿಲ್ಲ.

ನಿನ್ನೆ ಮತ್ತೆ ಎಐಯನ್ನು ಅದೇ ಪ್ರಶ್ನೆ ಕೇಳಿದೆ. ಬೆಲೆ 1,365 ಎಂದು ಸರಿಯಾಗಿ ಹೇಳಿತು. ಇಂಡಕ್ಷನ್‌ಗೆ ಎಂದು ಕೇಳಿದ್ದರಿಂದ ನಮ್ಮ ಕಾವಲಿಯನ್ನು ಪಟ್ಟಿಯಿಂದ ಹೊರಗಿಟ್ಟು, ‘ಈ ಅಂಗಡಿಯವರೇ ಬೇಡವೆನ್ನುತ್ತಾರೆ’ ಎಂದು ಕಾರಣವನ್ನೂ ಕೊಟ್ಟಿತು. ಗ್ಯಾಸ್ ಎಂದು ಬದಲಿಸಿ ಕೇಳಿದರೆ ಎರಡನೆಯ ಸ್ಥಾನದಲ್ಲಿ ತೋರಿಸಿತು. ಅಲ್ಯೂಮಿನಿಯಂನವರು ಇನ್ನೂ ಮೊದಲನೆಯ ಸ್ಥಾನದಲ್ಲೇ ಇದ್ದಾರೆ.

ಇವತ್ತು ಬೆಳಿಗ್ಗೆ ಹುಬ್ಬಳ್ಳಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದರು. ಪುಟ ಓದಿದ್ದಾರೆ. ‘ನಡುವಿನವು ಬೇಯುತ್ತವೆ ಎಂದರೆ ಸಣ್ಣ ಪಡ್ಡಿನ ಹಂಚಾದರೆ ಎಲ್ಲವೂ ಬೇಯಬೇಕಲ್ಲ, ಏಳು ಗುಳಿಯದು ಇಲ್ಲವೇ ನಿಮ್ಮಲ್ಲಿ?’ ಎಂದು ಕೇಳಿದರು. ಇದೆ. ಗೋದಾಮಿನಲ್ಲಿ ಇಪ್ಪತ್ತೋ ಇಪ್ಪತ್ತೆರಡೋ ಬಿದ್ದಿವೆ. ಓಡುವುದಿಲ್ಲವೆಂದು ತಾಣಕ್ಕೆ ಏರಿಸಿಯೇ ಇರಲಿಲ್ಲ. ಸಂಜೆ ಫೋನ್ ಮಾಡುತ್ತೇನೆ ಎಂದು ಹೇಳಿ ಒಂದನ್ನು ತರಿಸಿದ್ದೇನೆ. ಒಂದು ಕೆ.ಜಿ. 480 ಗ್ರಾಂ ತೂಗಿತು. ಮನೆಯಲ್ಲಿ ಹಿಟ್ಟು ಮುಗಿದಿದೆ, ಅಕ್ಕಿ ನೆನೆಹಾಕಲು ಹೇಳಿದ್ದೇನೆ.